ಹಳೆಯ ಹುಲಿಗೆ ಮತ್ತೆ ಮನೆಯ ಬಾಗಿಲು ತೆರೆಯಬೇಕೇ?

2009ರ ಡಿಸೆಂಬರ್ 7ರ ರಾತ್ರಿ. ಅಮೆರಿಕದ ಫಿಲಡೆಲ್ಫಿಯಾ ನಗರದ ವಚೋವಿಯಾ ಸೆಂಟರ್ ಕ್ರೀಡಾಂಗಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಎದ್ದು ನಿಂತಿದ್ದರು. ಆಟಗಾರರ ಪರಿಚಯದ ವೇಳೆ ಹೆಸರು ಕೂಗುತ್ತಿದ್ದಂತೆ ಸಣಕಲು ಮೈಕಟ್ಟಿನ ಆಟಗಾರರೊಬ್ಬರು ಅಂಕಣದ ನಡುವಿಗೆ ಬಂದರು. ಮಂಡಿಯೂರಿ, ನೆಲದ ಮೇಲೆ ಬಿಡಿಸಿದ್ದ ತಂಡದ ಲಾಂಛನಕ್ಕೆ ಮುತ್ತಿಟ್ಟರು. ಅವರು ಆಲನ್ ಐವರ್ಸನ್. ವಯಸ್ಸು 34. ಮೂರು ವರ್ಷಗಳ ಹಿಂದೆ ಇದೇ ತಂಡದಿಂದ ಹೊರಹೋಗಿದ್ದವರು.

ಅಂದು ಐವರ್ಸನ್ ಗಳಿಸಿದ್ದು 11 ಅಂಕ. ಎದುರಾಳಿ ಡೆನ್ವರ್ ತಂಡ 93-83ರಿಂದ ಗೆದ್ದಿತು. ಕ್ರೀಡಾಂಗಣವೇನೋ ತುಂಬಿತು, ಪಂದ್ಯ ಮಾತ್ರ ಕೈತಪ್ಪಿತು. ವಯಸ್ಸಾದ ಹಳೆಯ ತಾರೆಯನ್ನು ತಂಡವೊಂದು ಮರಳಿ ಕರೆತರಬೇಕೇ, ಬೇಡವೇ ಎಂಬ ಪ್ರಶ್ನೆಯೆಲ್ಲ ಈ ಒಂದು ರಾತ್ರಿಯಲ್ಲೇ ಅಡಗಿದೆ.

ಇದು ಒಂದು ಊರಿನ, ಒಬ್ಬ ಆಟಗಾರನ ಪ್ರಶ್ನೆಯಷ್ಟೇ ಅಲ್ಲ. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳನ್ನು ಬಲ್ಲವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ರಂಗ ಅದುರುವಂತೆ ಕುಣಿದ ಹಿರಿಯ ವೇಷಧಾರಿ ಮೇಳಕ್ಕೆ ಮರಳುತ್ತಾರೆಂದರೆ ಕರಪತ್ರದಲ್ಲಿ ಹೆಸರು ದೊಡ್ಡದಾಗುತ್ತದೆ, ಟೆಂಟು ತುಂಬುತ್ತದೆ. ಆದರೆ ಅವರು ಆ ಪಾತ್ರ ಮಾಡಿದ ದಿನ ಕಿರಿಯ ಕಲಾವಿದನೊಬ್ಬ ಚೌಕಿಯಲ್ಲೇ ಕೂರಬೇಕಾಗುತ್ತದೆ. ಯಾರಿಗೆ ಲಾಭ, ಯಾರಿಗೆ ನಷ್ಟ? ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಲೆಕ್ಕವನ್ನು ಅಂಕಿಅಂಶಗಳಲ್ಲೇ ನೋಡಬಹುದು.

ಊರು ಮತ್ತು ಆಟಗಾರ

ಫಿಲಡೆಲ್ಫಿಯಾದ ತಂಡದ ಹೆಸರು 'ಸೆವೆಂಟಿ ಸಿಕ್ಸರ್ಸ್'. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಅಂಕಿತ ಬಿದ್ದದ್ದು ಇದೇ ನಗರದಲ್ಲಿ. ಆ ವರ್ಷದ ನೆನಪೇ ತಂಡದ ಹೆಸರಾಯಿತು. ಸಿರಾಕ್ಯೂಸ್ ನಗರದಲ್ಲಿದ್ದ ತಂಡ 1963ರಲ್ಲಿ ಇಲ್ಲಿಗೆ ಬಂತು. ಫಿಲಡೆಲ್ಫಿಯಾಕ್ಕೆ ಬಂದ ಮೇಲೆ 1967 ಮತ್ತು 1983ರಲ್ಲಿ ಎನ್‌ಬಿಎ ಪ್ರಶಸ್ತಿ ಗೆದ್ದಿತು. ಅನಂತರ ಬರಗಾಲ.

ಆ ಬರಗಾಲದ ನಡುವೆ, 1996ರಲ್ಲಿ, ಹೊಸ ಆಟಗಾರರ ಆಯ್ಕೆಯಲ್ಲಿ ಮೊತ್ತಮೊದಲಿಗರಾಗಿ ಆರಿಸಿಕೊಂಡ ಹುಡುಗ ಐವರ್ಸನ್. ದಾಖಲೆಯಲ್ಲಿ ಎತ್ತರ ಆರಡಿ, ತೂಕ ಸುಮಾರು 75 ಕಿಲೋ. ಏಳಡಿಯ ದೈತ್ಯರು ಓಡಾಡುವ ಅಂಕಣದಲ್ಲಿ ಇದು ಏನೇನೂ ಅಲ್ಲ. ಆದರೆ ಎಡಕ್ಕೆ ಹೋದಂತೆ ಮಾಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಲಕ್ಕೆ ಚೆಂಡು ತಿರುಗಿಸುವ ಅವರ ಚಳಕಕ್ಕೆ ಸಾಟಿಯಿರಲಿಲ್ಲ. 1997ರ ಮಾರ್ಚ್‌ನಲ್ಲಿ ಇದೇ ತಂತ್ರದಿಂದ ಮೈಕೆಲ್ ಜೋರ್ಡನ್ ಅವರನ್ನೇ ಏಮಾರಿಸಿ ಬುಟ್ಟಿಗೆ ಚೆಂಡು ಹಾಕಿದ ದೃಶ್ಯವನ್ನು ಇಂದಿಗೂ ಜನ ನೋಡುತ್ತಾರೆ.

ನಾಲ್ಕು ಋತುಗಳಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದವರು ಅವರು. 2001ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿದರು. ಅದೇ ವರ್ಷ ತಂಡವನ್ನು ಫೈನಲ್‌ಗೆ ಎಳೆದೊಯ್ದರು. ಅಲ್ಲಿಯವರೆಗೆ ಪ್ಲೇಆಫ್‌ನಲ್ಲಿ ಒಂದು ಪಂದ್ಯವನ್ನೂ ಸೋಲದಿದ್ದ ಲಾಸ್ ಏಂಜಲೀಸ್ ಲೇಕರ್ಸ್ ಎದುರು ಮೊದಲ ಪಂದ್ಯದಲ್ಲಿ 48 ಅಂಕ ಗಳಿಸಿ ಗೆಲ್ಲಿಸಿದರು. ಉಳಿದ ನಾಲ್ಕು ಪಂದ್ಯಗಳನ್ನು ಲೇಕರ್ಸ್ ಗೆದ್ದು ಪ್ರಶಸ್ತಿ ಒಯ್ದಿತು. ಆದರೆ ಆ ಒಂದು ಗೆಲುವನ್ನು ಫಿಲಡೆಲ್ಫಿಯಾ ಮರೆಯಲಿಲ್ಲ. ಬಿದ್ದು, ಎದ್ದು, ಮತ್ತೆ ಬೀಳುವ ಆ ಆಟದಲ್ಲಿ ದುಡಿಯುವ ಜನರ ಊರೊಂದು ತನ್ನನ್ನೇ ಕಂಡುಕೊಂಡಿತು.

ಸಂಬಂಧ ಸದಾ ಸಿಹಿಯಾಗಿಯೇನೂ ಇರಲಿಲ್ಲ. ಅಭ್ಯಾಸಕ್ಕೆ ಸರಿಯಾಗಿ ಬರುವುದಿಲ್ಲ ಎಂಬ ದೂರಿಗೆ 2002ರ ಮೇ ತಿಂಗಳ ಪತ್ರಿಕಾಗೋಷ್ಠಿಯಲ್ಲಿ 'ಅಭ್ಯಾಸ' ಎಂಬ ಪದವನ್ನೇ ಹತ್ತಾರು ಬಾರಿ ಹೇಳಿ ಹರಿಹಾಯ್ದದ್ದು ಅಮೆರಿಕದಲ್ಲಿ ಗಾದೆಯಂತಾಗಿದೆ. ತಂಡ ಸೋಲತೊಡಗಿದಾಗ ಬಿರುಕು ದೊಡ್ಡದಾಯಿತು. 2006ರ ಡಿಸೆಂಬರ್‌ನಲ್ಲಿ ಅವರನ್ನು ಡೆನ್ವರ್ ತಂಡಕ್ಕೆ ಬಿಟ್ಟುಕೊಡಲಾಯಿತು.

ಮೂರು ಊರು, ಒಂದು ನಿವೃತ್ತಿ

ಡೆನ್ವರ್‌ನಲ್ಲಿ ಎರಡು ವರ್ಷ ಕಳೆಯಿತು. 2008ರ ನವೆಂಬರ್‌ನಲ್ಲಿ ಡೆಟ್ರಾಯಿಟ್‌ಗೆ ವರ್ಗ. ಈ ಅದಲುಬದಲಿನಲ್ಲಿ ಡೆನ್ವರ್‌ಗೆ ಬಂದ ಚಾನ್ಸಿ ಬಿಲಪ್ಸ್ ಆ ತಂಡವನ್ನು ಅದೇ ವರ್ಷ ಪಶ್ಚಿಮ ವಿಭಾಗದ ಫೈನಲ್‌ವರೆಗೆ ಕೊಂಡೊಯ್ದರು. ಐವರ್ಸನ್ ಸೇರಿದ ಡೆಟ್ರಾಯಿಟ್ ಗೆದ್ದದ್ದಕ್ಕಿಂತ ಹೆಚ್ಚು ಪಂದ್ಯಗಳನ್ನು ಸೋತಿತು. ಅಲ್ಲಿ ಅವರನ್ನು ಮೊದಲ ಐವರ ಬದಲು ಬೆಂಚಿನಿಂದ ಆಡಿಸಲು ಹೊರಟಾಗ, ಬೆಂಚಿನಲ್ಲಿ ಕೂರುವುದಕ್ಕಿಂತ ನಿವೃತ್ತಿಯೇ ಲೇಸು ಎಂಬ ಅರ್ಥದ ಮಾತಾಡಿದರು. 2009ರಲ್ಲಿ ಮೆಂಫಿಸ್ ತಂಡ ಸೇರಿದರು. ಅಲ್ಲೂ ಬೆಂಚಿನ ಜಗಳ. ಮೂರೇ ಪಂದ್ಯಕ್ಕೆ ಸಂಬಂಧ ಮುರಿಯಿತು. ನವೆಂಬರ್ 25ರಂದು ನಿವೃತ್ತಿಯ ಹೇಳಿಕೆ ಹೊರಬಂತು.

ಸರಿಯಾಗಿ ಅದೇ ದಿನಗಳಲ್ಲಿ ಫಿಲಡೆಲ್ಫಿಯಾದಲ್ಲಿ ಮತ್ತೊಂದು ಸಂಗತಿ ನಡೆಯಿತು. ತಂಡದ ಗಾರ್ಡ್ ಲೂ ವಿಲಿಯಮ್ಸ್ ಅವರ ದವಡೆ ಮುರಿಯಿತು. ತಂಡ ಸತತವಾಗಿ ಸೋಲುತ್ತಿತ್ತು. ಮನೆಯಂಗಳದ ಪಂದ್ಯಗಳಲ್ಲೂ ಕುರ್ಚಿಗಳು ಖಾಲಿ ಹೊಡೆಯುತ್ತಿದ್ದವು. ಚೆಂಡು ನಡೆಸಲು ಒಬ್ಬರು ಬೇಕು, ಜನರನ್ನು ಕರೆತರಲು ಒಂದು ಹೆಸರು ಬೇಕು. ಎರಡೂ ಒಬ್ಬರಲ್ಲೇ ಸಿಕ್ಕಿದಂತೆ ಕಂಡಿತು. ಡಿಸೆಂಬರ್ 2ರಂದು, ನಿವೃತ್ತಿಯ ಹೇಳಿಕೆ ಬಂದು ವಾರ ಕಳೆಯುವಷ್ಟರಲ್ಲಿ, ಐವರ್ಸನ್ ಮತ್ತೆ ಸಿಕ್ಸರ್ಸ್ ಆಟಗಾರರಾದರು. ಪತ್ರಿಕಾಗೋಷ್ಠಿಯಲ್ಲಿ ಅವರು ಕಣ್ಣೀರು ಒರೆಸಿಕೊಂಡರು.

ಕರೆತಂದರೆ ಖರ್ಚೆಷ್ಟು?

ಇಲ್ಲಿ ಎನ್‌ಬಿಎ ಹಣಕಾಸಿನ ನಿಯಮವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಪ್ರತಿ ತಂಡ ಆಟಗಾರರ ಸಂಬಳಕ್ಕೆ ಎಷ್ಟು ವೆಚ್ಚ ಮಾಡಬಹುದು ಎಂಬುದಕ್ಕೆ ಲೀಗ್ ಒಂದು ಮಿತಿ ಹಾಕಿದೆ. ಆ ಮಿತಿ ಮೀರಿದ ತಂಡ ಹೊರಗಿನಿಂದ ದೊಡ್ಡ ಆಟಗಾರನನ್ನು ಮನಬಂದಂತೆ ಕೊಳ್ಳುವಂತಿಲ್ಲ. ಆದರೆ ಕನಿಷ್ಠ ವೇತನದ ಒಪ್ಪಂದಕ್ಕೆ ಈ ಮಿತಿ ಅಡ್ಡಿಯಲ್ಲ. ಅನುಭವ ಹೆಚ್ಚಿದಂತೆ ಆಟಗಾರನ ಕನಿಷ್ಠ ವೇತನವೂ ಏರುತ್ತದೆ. ಹಾಗಾದರೆ ಹಿರಿಯರನ್ನು ಯಾರೂ ಸೇರಿಸಿಕೊಳ್ಳುವುದಿಲ್ಲವಲ್ಲ ಎಂಬ ಚಿಂತೆಗೆ ಲೀಗೇ ಉಪಾಯ ಹುಡುಕಿದೆ. ಹಿರಿಯ ಆಟಗಾರನನ್ನು ಒಂದು ವರ್ಷಕ್ಕೆ ಕನಿಷ್ಠ ವೇತನದ ಮೇಲೆ ತೆಗೆದುಕೊಂಡರೆ ಆ ಹೆಚ್ಚುವರಿ ಮೊತ್ತದ ಭಾರವನ್ನು ಲೀಗ್ ಹೊರುತ್ತದೆ.

ಹಿಂದಿನ ಋತುವಿನಲ್ಲಿ ಎರಡು ಕೋಟಿ ಡಾಲರಿಗೂ ಹೆಚ್ಚು ಸಂಬಳ ಪಡೆದಿದ್ದ ಐವರ್ಸನ್ ಈ ಬಾರಿ ಸಹಿ ಹಾಕಿದ್ದು ಇಂಥ ಕನಿಷ್ಠ ವೇತನದ ಒಪ್ಪಂದಕ್ಕೆ. ಅದೂ ಖಾತರಿಯಿಲ್ಲದ ಒಪ್ಪಂದ. ಅಂದರೆ ಜನವರಿ 10ರೊಳಗೆ ಬೇಡವೆನಿಸಿದರೆ ತಂಡ ಕೈಬಿಡಬಹುದಿತ್ತು. ಆ ದಿನಾಂಕ ದಾಟಿದರೆ ಮಾತ್ರ ಇಡೀ ಋತುವಿನ ಸಂಬಳ ಖಾತರಿ. ಹಣದ ದೃಷ್ಟಿಯಿಂದ ನೋಡಿದರೆ ಮಾಲೀಕರು ಕಳೆದುಕೊಳ್ಳುವುದು ಹೆಚ್ಚೇನೂ ಇರಲಿಲ್ಲ. ಒಂದೇ ರಾತ್ರಿ ತುಂಬಿದ ಕ್ರೀಡಾಂಗಣ ನೋಡಿದರೆ ಇದು ಸಲೀಸಾದ ವ್ಯಾಪಾರ ಎನಿಸೀತು.

ಆದರೆ ಲೆಕ್ಕದ ಪುಸ್ತಕದಲ್ಲಿ ಬರೆಯದ ಇನ್ನೊಂದು ಖರ್ಚಿದೆ. ಅದು ಸಮಯ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಕಣಕ್ಕಿಳಿಯುವವರು ಐದೇ ಜನ. ಎನ್‌ಬಿಎ ಪಂದ್ಯ 48 ನಿಮಿಷದ್ದು. ಐದನ್ನು 48ರಿಂದ ಗುಣಿಸಿದರೆ 240 ನಿಮಿಷ. ಒಂದು ಪಂದ್ಯದಲ್ಲಿ ತರಬೇತುದಾರ ಹಂಚಬಹುದಾದ ಒಟ್ಟು ಆಸ್ತಿ ಇಷ್ಟೇ. ಒಬ್ಬರಿಗೆ 32 ನಿಮಿಷ ಕೊಟ್ಟರೆ ಅದು ಇನ್ಯಾರದೋ ಪಾಲಿನಿಂದಲೇ ಬರಬೇಕು. ಕ್ರಿಕೆಟ್‌ನಲ್ಲಿ ಹಿರಿಯ ಆಟಗಾರನನ್ನು ಏಳನೇ ಕ್ರಮಾಂಕಕ್ಕೆ ಇಳಿಸಿ, ಸ್ಲಿಪ್‌ನಲ್ಲಿ ನಿಲ್ಲಿಸಿ, ಹೇಗೋ ಸುಧಾರಿಸಬಹುದು. ಇಲ್ಲಿ ಹಾಗಲ್ಲ. 24 ಸೆಕೆಂಡಿನೊಳಗೆ ಬುಟ್ಟಿಯತ್ತ ಚೆಂಡು ಎಸೆಯಲೇಬೇಕಾದ ಆಟದಲ್ಲಿ ಅಡಗಿಕೊಳ್ಳಲು ಜಾಗವಿಲ್ಲ.

ಆ ಪಾಲು ಯಾರದಾಗಿತ್ತು? ಸಿಕ್ಸರ್ಸ್ ತಂಡದಲ್ಲಿ ಆ ವರ್ಷ ಜ್ರೂ ಹಾಲಿಡೇ ಎಂಬ ಹತ್ತೊಂಬತ್ತರ ಹುಡುಗನಿದ್ದ. ಆ ಋತುವಿನಲ್ಲಿ ಲೀಗ್‌ನ ಅತಿ ಕಿರಿಯ ಆಟಗಾರ. ಚೆಂಡು ನಡೆಸುವ ಗಾರ್ಡ್ ಸ್ಥಾನವೇ ಅವನದೂ. ಮುಂದೆ ಇದೇ ಹಾಲಿಡೇ 2013ರಲ್ಲಿ ಆಲ್‌ಸ್ಟಾರ್ ಆದರು. 2021ರಲ್ಲಿ ಮಿಲ್ವಾಕಿ, 2024ರಲ್ಲಿ ಬಾಸ್ಟನ್ ತಂಡಗಳ ಜತೆ ಪ್ರಶಸ್ತಿ ಗೆದ್ದರು. ಭವಿಷ್ಯ ತಂಡದ ಬೆಂಚಿನಲ್ಲೇ ಇತ್ತು. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಭೂತಕಾಲಕ್ಕೆ.

ವೇಗಕ್ಕೆ ಮುಪ್ಪು, ಎತ್ತರಕ್ಕಿಲ್ಲ

ವಯಸ್ಸು ಎಲ್ಲ ಆಟಗಾರರನ್ನೂ ಒಂದೇ ರೀತಿ ಕಾಡುವುದಿಲ್ಲ. ಮೂವತ್ತು ದಾಟಿದ ಮೇಲೆ ಮೊದಲು ಕೈಕೊಡುವುದು ಚುರುಕು. ನಿಂತಲ್ಲಿಂದ ಛಂಗನೆ ಮುನ್ನುಗ್ಗುವ ಮೊದಲ ಹೆಜ್ಜೆ ನಿಧಾನವಾಗುತ್ತದೆ. ಗುರಿಯಿಟ್ಟು ಎಸೆಯುವ ಕೌಶಲ, ಯಾರು ಎಲ್ಲಿದ್ದಾರೆಂದು ಅರಿತು ಪಾಸ್ ಕೊಡುವ ಬುದ್ಧಿ ಇವು ತಡವಾಗಿ ಮಾಸುತ್ತವೆ. ಎತ್ತರವಂತೂ ಮಾಸುವುದೇ ಇಲ್ಲ. ಆರಡಿ ಒಂಬತ್ತು ಅಂಗುಲದವರು ನಲವತ್ತಕ್ಕೂ ಆರಡಿ ಒಂಬತ್ತು ಅಂಗುಲವೇ.

ಐವರ್ಸನ್ ಬಂಡವಾಳವೆಲ್ಲ ಆ ಮೊದಲ ಹೆಜ್ಜೆಯಲ್ಲಿತ್ತು. ಅವರು ದೂರದಿಂದ ಗುರಿಯಿಡುವುದರಲ್ಲಿ ಪಳಗಿದವರಲ್ಲ. ಮೂರಂಕದ ಎಸೆತಗಳಲ್ಲಿ ನೂರಕ್ಕೆ ಮೂವತ್ತೊಂದರಷ್ಟು ಮಾತ್ರ ಅವರ ವೃತ್ತಿಜೀವನದ ಯಶಸ್ಸು. ಪಂದ್ಯವೊಂದಕ್ಕೆ ಸರಾಸರಿ 41 ನಿಮಿಷ ಆಡುತ್ತಾ, ತನಗಿಂತ ಒಂದಡಿ ಎತ್ತರದವರ ನಡುವೆ ನುಗ್ಗಿ ನೆಲಕ್ಕೆ ಬೀಳುತ್ತಾ ಕಳೆದ ಹದಿಮೂರು ವರ್ಷ ಮೊಣಕಾಲಿನಲ್ಲಿ ಲೆಕ್ಕ ಬರೆದಿಟ್ಟಿತ್ತು. ಬೆಂಚಿನಲ್ಲಿ ಕೂರುವುದಿಲ್ಲ ಎಂಬ ಹಟವನ್ನು ಬರೀ ಅಹಂಕಾರ ಎಂದು ತಳ್ಳಿಹಾಕುವುದೂ ಸುಲಭವಲ್ಲ. ಚೆಂಡು ಸದಾ ಕೈಯಲ್ಲಿದ್ದಾಗಲೇ ಅರಳುವ ಆಟ ಅವರದು. ಅರೆಬರೆಯಾಗಿ ಆಡುವುದು ಅವರಿಗೆ ಗೊತ್ತಿರಲಿಲ್ಲ.

ಫಲಿತಾಂಶ ಹೀಗಿತ್ತು: 25 ಪಂದ್ಯ, ಸರಾಸರಿ 13.9 ಅಂಕ, 4.1 ಅಸಿಸ್ಟ್. ಅವರ ವೃತ್ತಿಜೀವನದ ಸರಾಸರಿ 26.7 ಅಂಕ. ಸುಮಾರು ಅರ್ಧಕ್ಕೆ ಇಳಿದಂತಾಯಿತು. ಆದರೂ ಅಭಿಮಾನಿಗಳು 2010ರ ಆಲ್‌ಸ್ಟಾರ್ ಪಂದ್ಯದ ಪೂರ್ವ ವಿಭಾಗದ ಮೊದಲ ಐವರಲ್ಲಿ ಅವರಿಗೆ ಮತ ಹಾಕಿ ಸ್ಥಾನ ಕೊಟ್ಟರು. ಆದರೆ ಮಗಳ ಅನಾರೋಗ್ಯದಿಂದಾಗಿ ಆ ಪಂದ್ಯ ಆಡಲಿಲ್ಲ. ಫೆಬ್ರುವರಿ 20ರಂದು ಶಿಕಾಗೊ ವಿರುದ್ಧ ಆಡಿದ್ದೇ ಕೊನೆ. ಮಗಳ ಬಳಿ ಇರಬೇಕೆಂದು ತಂಡ ಬಿಟ್ಟರು. ಮಾರ್ಚ್ 2ರಂದು, ಅವರು ಈ ಋತುವಿನಲ್ಲಿ ಮರಳುವುದಿಲ್ಲ ಎಂದು ತಂಡ ಪ್ರಕಟಿಸಿತು. ಹಿಂದಿನ ವರ್ಷ 41 ಗೆದ್ದು 41 ಸೋತು ಪ್ಲೇಆಫ್ ತಲುಪಿದ್ದ ತಂಡ ಆ ವರ್ಷ 27 ಗೆದ್ದು 55 ಸೋತಿತು. ಋತು ಮುಗಿದ ಕೂಡಲೇ ತರಬೇತುದಾರ ಎಡ್ಡಿ ಜೋರ್ಡನ್ ಕೆಲಸ ಕಳೆದುಕೊಂಡರು.

ಅಲ್ಲಿಗೆ, ಕರೆತರಬಾರದು ಎನ್ನುವವರ ವಾದ ಗೆದ್ದಂತೆ ಕಾಣುತ್ತದೆ. ಆದರೆ ಒಂದು ಅಕ್ಕಿ ಹಿಸುಕಿ ಇಡೀ ಅನ್ನ ಬೆಂದಿದೆಯೇ ಎಂದು ನೋಡುವುದು ಇಲ್ಲಿ ನಡೆಯದು. ಬೇರೆ ಮಡಕೆಗಳನ್ನೂ ನೋಡಬೇಕು.

ಇತರರ ಕಥೆ

ಲಾಸ್ ಏಂಜಲೀಸ್‌ನ ಮ್ಯಾಜಿಕ್ ಜಾನ್ಸನ್ ತಮಗೆ ಎಚ್‌ಐವಿ ಸೋಂಕಿದೆ ಎಂದು 1991ರ ನವೆಂಬರ್ 7ರಂದು ಘೋಷಿಸಿ ನಿವೃತ್ತರಾದರು. ನಾಲ್ಕು ವರ್ಷಗಳ ನಂತರ, 1996ರ ಜನವರಿ 30ರಂದು, 36ನೇ ವಯಸ್ಸಿನಲ್ಲಿ ಲೇಕರ್ಸ್ ತಂಡಕ್ಕೆ ಮರಳಿದರು. ಮೈ ದಪ್ಪವಾಗಿತ್ತು, ವೇಗ ತಗ್ಗಿತ್ತು. ಆದರೆ ಅವರ ಎತ್ತರ ಆರಡಿ ಒಂಬತ್ತು ಅಂಗುಲ. ಹಳೆಯ ಗಾರ್ಡ್ ಸ್ಥಾನ ಬಿಟ್ಟು ಬುಟ್ಟಿಯ ಸಮೀಪದ ಫಾರ್ವರ್ಡ್ ಸ್ಥಾನದಲ್ಲಿ ನಿಂತರು. ಮೊದಲ ಪಂದ್ಯದಲ್ಲೇ 19 ಅಂಕ, 10 ಅಸಿಸ್ಟ್. 32 ಪಂದ್ಯ ಆಡಿದರು. ಪ್ಲೇಆಫ್ ಮೊದಲ ಸುತ್ತಿನಲ್ಲೇ ತಂಡ ಹ್ಯೂಸ್ಟನ್‌ಗೆ ಸೋತಿತು. ಮೇ ತಿಂಗಳಲ್ಲಿ ಅವರು ಮತ್ತೆ ವಿದಾಯ ಹೇಳಿದರು. ಆ ಬೇಸಿಗೆಯಲ್ಲೇ ಶಕೀಲ್ ಓನೀಲ್ ಮತ್ತು ಕೋಬಿ ಬ್ರಯಾಂಟ್ ತಂಡ ಸೇರಿದರು. ಪ್ರಶಸ್ತಿ ಬರಲಿಲ್ಲ ನಿಜ. ಆದರೆ ಎಚ್‌ಐವಿ ಇರುವ ಮನುಷ್ಯ ಎಲ್ಲರ ಜತೆ ಮೈಗೆ ಮೈ ತಾಗಿಸಿ ಆಡಬಲ್ಲ ಎಂದು ಜಗತ್ತು ನೋಡಿತು. ಅಂಕಪಟ್ಟಿ ಇದನ್ನು ಬರೆದಿಡುವುದಿಲ್ಲ.

ಕೆವಿನ್ ಗಾರ್ನೆಟ್ ಕಥೆ ಇನ್ನೊಂದು ಬಗೆ. ಮಿನೆಸೋಟಾದಲ್ಲಿ ಆಟ ಆರಂಭಿಸಿ, 2007ರಲ್ಲಿ ಬಾಸ್ಟನ್‌ಗೆ ಹೋಗಿ ಮರುವರ್ಷವೇ ಪ್ರಶಸ್ತಿ ಗೆದ್ದವರು. 2015ರ ಫೆಬ್ರುವರಿಯಲ್ಲಿ, 38ರ ಪ್ರಾಯದಲ್ಲಿ, ಅವರನ್ನು ಮಿನೆಸೋಟಾ ಮರಳಿ ತಂದಿತು. ಆ ಋತುವಿನಲ್ಲಿ ಆಡಿದ್ದು ಐದೇ ಪಂದ್ಯ. ಮುಂದಿನ ವರ್ಷ 38 ಪಂದ್ಯ, ಅದೂ ಸರಾಸರಿ ಹದಿನೈದು ನಿಮಿಷದಷ್ಟು. ಅವರನ್ನು ಕರೆತಂದ ಉದ್ದೇಶವೇ ಬೇರೆಯಾಗಿತ್ತು. ಕಾರ್ಲ್ ಆಂಥನಿ ಟೌನ್ಸ್, ಆಂಡ್ರೂ ವಿಗ್ಗಿನ್ಸ್‌ರಂಥ ಹುಡುಗರಿಗೆ ಅಭ್ಯಾಸ ಹೇಗೆ ಮಾಡಬೇಕು, ರಕ್ಷಣೆಯಲ್ಲಿ ಹೇಗೆ ಮಾತಾಡಬೇಕು ಎಂದು ಕಲಿಸುವ ಹಿರಿಯ ಬೇಕಿತ್ತು. ಟೌನ್ಸ್ 2016ರಲ್ಲಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದರು. ಹಿಂದಿನ ವರ್ಷ 16 ಪಂದ್ಯ ಗೆದ್ದಿದ್ದ ತಂಡ 29 ಗೆದ್ದಿತು. ಇದೆಲ್ಲ ಗಾರ್ನೆಟ್‌ರಿಂದಲೇ ಆಯಿತೆಂದು ಹೇಳಲಾಗದು. ಆದರೆ ಅವರು ಹುಡುಗರ ನಿಮಿಷ ಕಸಿಯಲಿಲ್ಲ ಎಂಬುದನ್ನಂತೂ ಹೇಳಬಹುದು.

ಮಯಾಮಿಯ ಡ್ವೇನ್ ವೇಡ್ ಅವರನ್ನು ಯಶಸ್ವಿ ಮರಳುವಿಕೆಗೆ ಮಾದರಿ ಎನ್ನಬಹುದು. ಮೂರು ಪ್ರಶಸ್ತಿ ಗೆದ್ದುಕೊಟ್ಟ ಅವರು 2016ರಲ್ಲಿ ಸಂಬಳದ ಮುನಿಸಿನಿಂದ ಮಯಾಮಿ ಬಿಟ್ಟು ಶಿಕಾಗೊಗೆ, ಅಲ್ಲಿಂದ ಕ್ಲೀವ್‌ಲ್ಯಾಂಡ್‌ಗೆ ಹೋದರು. 2018ರ ಫೆಬ್ರುವರಿಯಲ್ಲಿ 36ನೇ ವಯಸ್ಸಿನಲ್ಲಿ ಮರಳಿದರು. ಅದೇ ತಿಂಗಳ 27ರಂದು ಕೊನೆಯ ಕ್ಷಣಗಳಲ್ಲಿ ಬುಟ್ಟಿಗೆ ಚೆಂಡು ಹಾಕಿ ತಂಡವನ್ನು ಒಂದಂಕದಿಂದ ಗೆಲ್ಲಿಸಿದರು. ಎದುರಾಳಿ ಯಾರು ಗೊತ್ತೇ? ಇದೇ ಫಿಲಡೆಲ್ಫಿಯಾ. 2018-19ರ ಕೊನೆಯ ಋತುವಿನಲ್ಲಿ ಅವರು ಆಡಿದ 72 ಪಂದ್ಯಗಳಲ್ಲಿ ಮೊದಲ ಐವರಲ್ಲಿ ಇಳಿದದ್ದು ಎರಡರಲ್ಲಿ ಮಾತ್ರ. ಬೆಂಚಿನಿಂದ ಬಂದೂ ಸರಾಸರಿ 15 ಅಂಕ ಗಳಿಸಿದರು. ಐವರ್ಸನ್ ಒಪ್ಪದ ಬೆಂಚನ್ನು ವೇಡ್ ಒಪ್ಪಿಕೊಂಡರು. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣ ವ್ಯತ್ಯಾಸವಲ್ಲ.

ಹಣದ ಆಸೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಮೈಕೆಲ್ ಜೋರ್ಡನ್ ಸಾಕ್ಷಿ. 2001ರಲ್ಲಿ 38ನೇ ವಯಸ್ಸಿನಲ್ಲಿ ಅವರು ಮರಳಿದ್ದು ಹಳೆಯ ಶಿಕಾಗೊಗೆ ಅಲ್ಲ, ತಾವೇ ಆಡಳಿತ ನೋಡಿಕೊಳ್ಳುತ್ತಿದ್ದ ವಾಷಿಂಗ್ಟನ್ ತಂಡಕ್ಕೆ. ಎರಡು ಋತು ಆಡಿದರು. ತಂಡದ ತವರಿನ 82 ಪಂದ್ಯಗಳಿಗೂ ಟಿಕೆಟ್ ಪೂರ್ತಿ ಮಾರಾಟವಾಯಿತು. ಮೊದಲ ಋತುವಿನಲ್ಲಿ ಸರಾಸರಿ 22.9, ಎರಡನೆಯದರಲ್ಲಿ 20 ಅಂಕ ಗಳಿಸಿದರು. ಆ ವಯಸ್ಸಿಗೆ ಇದು ಅಚ್ಚರಿಯೇ ಸರಿ. ಆದರೆ ಎರಡೂ ಬಾರಿ ತಂಡ 37 ಗೆದ್ದು 45 ಸೋತಿತು, ಪ್ಲೇಆಫ್ ಮುಟ್ಟಲಿಲ್ಲ. ನಡುವೆ 2002ರಲ್ಲಿ ರಿಚರ್ಡ್ ಹ್ಯಾಮಿಲ್ಟನ್ ಎಂಬ ಯುವ ಆಟಗಾರನನ್ನು ಡೆಟ್ರಾಯಿಟ್‌ಗೆ ಬಿಟ್ಟುಕೊಟ್ಟರು. ಆ ಹುಡುಗ 2004ರಲ್ಲಿ ಡೆಟ್ರಾಯಿಟ್ ಜತೆ ಪ್ರಶಸ್ತಿ ಗೆದ್ದ. ಜೋರ್ಡನ್ ಅವರನ್ನು 2003ರ ಮೇ ತಿಂಗಳಲ್ಲಿ ಮಾಲೀಕರು ಆಡಳಿತದಿಂದ ಹೊರಗಿಟ್ಟರು.

ನಮಗೆ ಗೊತ್ತಿರುವ ಮರಳುವಿಕೆಗಳು

ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ ಇಂಥ ಕಥೆ ಹೊಸದಲ್ಲ. 1977ರಲ್ಲಿ ಕೆರಿ ಪ್ಯಾಕರ್ ಅವರ ಸರಣಿಗೆ ಪ್ರಮುಖ ಆಟಗಾರರೆಲ್ಲ ಹೊರಟುಹೋದಾಗ ಆಸ್ಟ್ರೇಲಿಯಾ, ಹತ್ತು ವರ್ಷ ಹಿಂದೆ ಟೆಸ್ಟ್ ಬಿಟ್ಟಿದ್ದ ಬಾಬ್ ಸಿಂಪ್ಸನ್ ಅವರನ್ನು 41ನೇ ವಯಸ್ಸಿನಲ್ಲಿ ನಾಯಕನನ್ನಾಗಿ ಕರೆತಂದಿತು. ಎದುರಾಳಿ ಬಿಷನ್ ಸಿಂಗ್ ಬೇಡಿ ನಾಯಕತ್ವದ ಭಾರತ. ಮೆಲ್ಬರ್ನ್‌ನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ಗಳಲ್ಲಿ ತಲಾ 52 ರನ್ನಿಗೆ 6 ವಿಕೆಟ್ ಕಿತ್ತು, ಆಸ್ಟ್ರೇಲಿಯಾ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದದ್ದು ಇದೇ ಸರಣಿಯಲ್ಲಿ. ಆದರೂ ಸಿಂಪ್ಸನ್ 539 ರನ್ ಗಳಿಸಿ ಸರಣಿಯನ್ನು 3-2ರಿಂದ ಗೆದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಿತ್ತು. ಮುಂದೆ ವೆಸ್ಟ್ ಇಂಡೀಸ್‌ನ ವೇಗಕ್ಕೆ ಎದೆಯೊಡ್ಡಿ ಐದು ಟೆಸ್ಟ್‌ಗಳಲ್ಲಿ 199 ರನ್ನಷ್ಟೇ ಗಳಿಸಿದರು.

ನಮ್ಮವರೇ ಆದ ಮೈಸೂರಿನ ಜಾವಗಲ್ ಶ್ರೀನಾಥ್ 2002ರಲ್ಲಿ ಟೆಸ್ಟ್ ಆಟಕ್ಕೆ ವಿದಾಯ ಹೇಳಿದ್ದರು. ನಾಯಕ ಸೌರವ್ ಗಂಗೂಲಿ ಮನವೊಲಿಸಿ ಮತ್ತೆ ಆಡಿಸಿದರು. 2003ರ ವಿಶ್ವಕಪ್‌ನಲ್ಲಿ, 33ರ ಪ್ರಾಯದಲ್ಲಿ, ಜಹೀರ್ ಖಾನ್ ಮತ್ತು ಆಶಿಶ್ ನೆಹ್ರಾ ಎಂಬ ಇಬ್ಬರು ಕಿರಿಯರ ಜತೆ 16 ವಿಕೆಟ್ ಪಡೆದರು. ಫೈನಲ್‌ನಲ್ಲಿ ಹತ್ತು ಓವರ್‌ಗಳಿಗೆ 87 ರನ್ ತೆತ್ತದ್ದೂ ನಿಜ. ಆದರೆ ಶ್ರೀನಾಥ್ ಇಲ್ಲದೆ ತಂಡ ಫೈನಲ್ ತಲುಪುತ್ತಿತ್ತೇ ಎಂದು ಕೇಳಿದರೆ ಹೌದೆನ್ನುವವರು ಕಡಿಮೆ. ಇಲ್ಲೂ ಗಮನಿಸಬೇಕಾದದ್ದು, ಅವರು ಕಿರಿಯರ ಜಾಗಕ್ಕೆ ಬರಲಿಲ್ಲ, ಕಿರಿಯರ ಜತೆಗೆ ಬಂದರು.

ಕೇಳಬೇಕಾದ ಮೂರು ಪ್ರಶ್ನೆ

ಈ ಎಲ್ಲ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಕರೆತರಬೇಕೇ ಬೇಡವೇ ಎಂಬ ಜಗಳ ಸಾಮಾನ್ಯವಾಗಿ ತಪ್ಪು ಜಾಗದಲ್ಲಿ ಆರಂಭವಾಗುತ್ತದೆ ಎನಿಸುತ್ತದೆ. ಅಭಿಮಾನಿಗಳು ಋಣದ ಮಾತಾಡುತ್ತಾರೆ, ಆಡಳಿತದವರು ಲೆಕ್ಕದ ಮಾತಾಡುತ್ತಾರೆ. ಒಬ್ಬರದು ಒಬ್ಬರಿಗೆ ಕೇಳಿಸುವುದಿಲ್ಲ. ಅದರ ಬದಲು ಮೂರು ಪ್ರಶ್ನೆ ಕೇಳಬೇಕು.

ಮೊದಲನೆಯದು, ಬರುವವರಿಗೆ ಏನು ಕೆಲಸ? ಗಾರ್ನೆಟ್‌ಗೆ ಕಲಿಸುವ ಕೆಲಸವಿತ್ತು, ವೇಡ್‌ಗೆ ಬೆಂಚಿನಿಂದ ಬಂದು ಪಂದ್ಯದ ಕೊನೆಯ ಹೊತ್ತನ್ನು ನಿಭಾಯಿಸುವ ಕೆಲಸವಿತ್ತು. ಐವರ್ಸನ್‌ಗೆ ಕೊಟ್ಟದ್ದು ಹತ್ತು ವರ್ಷ ಹಿಂದಿನ ಅವರದೇ ಕೆಲಸ. ಇಪ್ಪತ್ತೈದರ ಪ್ರಾಯದ ಪಾತ್ರವನ್ನು ಮೂವತ್ತನಾಲ್ಕರವರಿಗೆ ಕೊಟ್ಟು ಆಮೇಲೆ ಸೋತರೆಂದು ದೂರುವುದು ನ್ಯಾಯವಲ್ಲ.

ಎರಡನೆಯದು, ಯಾರ ನಿಮಿಷ ಹೋಗುತ್ತದೆ? ಹಿರಿಯರು ಬಂದಾಗ ಜಾಗ ಬಿಡುವವನು ಹೇಗೂ ತಂಡದಲ್ಲಿ ಉಳಿಯದ ಆಟಗಾರನಾದರೆ ನಷ್ಟವಿಲ್ಲ. ಅವನು ನಾಳೆಯ ಆಟಗಾರನಾದರೆ ಇಂದಿನ ಚಪ್ಪಾಳೆಗೆ ನಾಳೆಯನ್ನು ಅಡವಿಟ್ಟಂತೆ.

ಮೂರನೆಯದು, ಸಾಕು ಎಂದು ಯಾರು ಹೇಳುತ್ತಾರೆ? ಇದು ಎಲ್ಲಕ್ಕಿಂತ ಕಷ್ಟದ್ದು. ಊರಿಗೆ ಊರೇ ಪ್ರೀತಿಸುವ ಆಟಗಾರನನ್ನು ಎರಡನೇ ಬಾರಿ ಮನೆಯಿಂದ ಕಳಿಸುವ ಧೈರ್ಯ ಯಾವ ತರಬೇತುದಾರನಿಗೂ ಇರುವುದಿಲ್ಲ. ಹಾಗಾಗಿ ಬಾಗಿಲು ತೆರೆಯುವ ದಿನವೇ ಮುಚ್ಚುವ ದಿನವನ್ನೂ ಇಬ್ಬರೂ ಕೂತು ನಿಶ್ಚಯಿಸಬೇಕು. ವೇಡ್ ತಮ್ಮ ಕೊನೆಯ ಋತುವನ್ನು ಮೊದಲೇ ಘೋಷಿಸಿದ್ದರು. ಊರೂರಲ್ಲಿ ಎದುರಾಳಿಗಳೊಂದಿಗೆ ಅಂಗಿ ಬದಲಾಯಿಸಿಕೊಳ್ಳುತ್ತಾ ಹೋದರು. ಐವರ್ಸನ್‌ಗೆ ಅಂಥ ದಿನ ಗೊತ್ತಾಗಿರಲಿಲ್ಲ. ಮನೆಯ ಕಷ್ಟ ಆ ದಿನವನ್ನು ನಿರ್ಧರಿಸಿತು.

ಹಾಗಾದರೆ ಫಿಲಡೆಲ್ಫಿಯಾ ಮಾಡಿದ್ದು ತಪ್ಪೇ? ನನಗೆ ಹಾಗೆನಿಸುವುದಿಲ್ಲ. ಬಾಗಿಲು ತೆರೆದದ್ದು ಸರಿ. ತೆರೆದ ಕಾರಣವನ್ನು ಪ್ರಾಮಾಣಿಕವಾಗಿ ಹೇಳದಿದ್ದದ್ದು ತಪ್ಪು. ಗಾಯಾಳುವಿನ ಜಾಗಕ್ಕೆ ಬದಲಿ ಆಟಗಾರ ಎಂದು ಕರೆದರು, ನಿಜಕ್ಕೂ ಕರೆದದ್ದು ನೆನಪನ್ನು. ನೆನಪಿಗಾಗಿ ಕರೆಯುತ್ತಿದ್ದೇವೆ, ಇಷ್ಟು ಪಂದ್ಯ, ಇಷ್ಟು ನಿಮಿಷ, ಆಮೇಲೆ ಗೌರವದ ವಿದಾಯ ಎಂದಿದ್ದರೆ ಊರಿಗೂ ಗೊತ್ತಿರುತ್ತಿತ್ತು, ಆಟಗಾರನಿಗೂ ಗೊತ್ತಿರುತ್ತಿತ್ತು. ಹಾಲಿಡೇಗೂ ಅಷ್ಟು ದಿನ ಕಾಯುವುದರಲ್ಲಿ ಅರ್ಥ ಕಾಣುತ್ತಿತ್ತು.

ಇದೇ ತಂಡ ಈ ಮೊದಲೂ ಒಮ್ಮೆ ಹೀಗೆ ಮಾಡಿತ್ತು. 1983ರ ಪ್ರಶಸ್ತಿಯ ನಾಯಕ ಮೋಸೆಸ್ ಮಲೋನ್ ಅವರನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟು, ಏಳು ವರ್ಷಗಳ ನಂತರ 1993ರಲ್ಲಿ, 38ನೇ ವಯಸ್ಸಿಗೆ ಮರಳಿ ತಂದಿತು. ಏಳಡಿ ಆರಂಗುಲದ ಹೊಸ ಹುಡುಗ ಶಾನ್ ಬ್ರಾಡ್ಲಿಗೆ ಪಾಠ ಹೇಳುವುದೇ ಅವರ ಕೆಲಸವೆಂದು ಮೊದಲೇ ತಿಳಿಸಿತ್ತು. 55 ಪಂದ್ಯ ಆಡಿದರು, ತಂಡ ಹೆಚ್ಚೇನೂ ಗೆಲ್ಲಲಿಲ್ಲ, ಆದರೆ ಯಾರಿಗೂ ಮೋಸವಾದಂತೆ ಅನಿಸಲಿಲ್ಲ. ತನ್ನ ಮನೆಯಲ್ಲೇ ಇದ್ದ ಪಾಠವನ್ನು 2009ರಲ್ಲಿ ಸಿಕ್ಸರ್ಸ್ ಮರೆಯಿತು.

ಐವರ್ಸನ್ ಆಮೇಲೆ ಟರ್ಕಿಯ ಬೆಸಿಕ್ತಾಶ್ ಕ್ಲಬ್‌ಗೆ ಕೆಲವೇ ಪಂದ್ಯ ಆಡಿದರು. 2013ರ ಅಕ್ಟೋಬರ್‌ನಲ್ಲಿ ವಿಧಿವತ್ತಾಗಿ ನಿವೃತ್ತರಾದರು. 2014ರ ಮಾರ್ಚ್ 1ರಂದು ಅವರ 3ನೇ ಸಂಖ್ಯೆಯ ಅಂಗಿಯನ್ನು ಇನ್ನಾರೂ ತೊಡದಂತೆ ತಂಡ ಕಾದಿರಿಸಿತು. 2016ರಲ್ಲಿ ಬ್ಯಾಸ್ಕೆಟ್‌ಬಾಲ್ ಕೀರ್ತಿಭವನಕ್ಕೆ ಅವರ ಹೆಸರು ಸೇರಿತು. 2024ರ ಏಪ್ರಿಲ್‌ನಲ್ಲಿ ತಂಡದ ಅಭ್ಯಾಸ ಕೇಂದ್ರದಲ್ಲಿ ಪ್ರತಿಮೆಯೂ ನಿಂತಿತು. ಅಭ್ಯಾಸವನ್ನು ಅಷ್ಟು ಬೈದವರ ಪ್ರತಿಮೆ ಅಭ್ಯಾಸ ಕೇಂದ್ರದಲ್ಲೇ ನಿಂತದ್ದಕ್ಕೆ ಊರು ನಕ್ಕಿತು.

ಆ 25 ಪಂದ್ಯಗಳಿಂದ ತಂಡಕ್ಕೆ ಪ್ರಶಸ್ತಿ ಬರಲಿಲ್ಲ, ಒಳ್ಳೆಯ ಸ್ಥಾನವೂ ಬರಲಿಲ್ಲ. ಆದರೆ ಅವು ಇಲ್ಲದಿದ್ದರೆ ಎನ್‌ಬಿಎ ದಾಖಲೆಯಲ್ಲಿ ಐವರ್ಸನ್ ಆಡಿದ ಕೊನೆಯ ತಂಡ ಎಂದು ಮೆಂಫಿಸ್ ಹೆಸರಿರುತ್ತಿತ್ತು. ಮೂರು ಪಂದ್ಯ, ಒಂದು ಬೆಂಚಿನ ಜಗಳ, ಅಷ್ಟೇ. ಈಗ ಆ ಜಾಗದಲ್ಲಿ ಫಿಲಡೆಲ್ಫಿಯಾ ಎಂದಿದೆ. ಒಂದು ತಂಡ ತನ್ನ ಹಳೆಯ ಆಟಗಾರನಿಗೆ ಇಷ್ಟನ್ನಾದರೂ ಕೊಡಬಹುದು. ಅದಕ್ಕಾಗಿ ಹೊಸ ಹುಡುಗನ ಪಾಲಿಗೆ ಕೈ ಹಾಕಬಾರದು ಅಷ್ಟೆ.